ತಾಯಲೂರಿನಲ್ಲಿ ಡಾಲರಿನ ವಾಯಿದೆ

ತಾಯಲೂರು ಮುಳಬಾಗಿಲು ತಾಲ್ಲೂಕಿನ ಒಂದು ಹೋಬಳಿ. ಆಂಧ್ರದ ಗಡಿ ಹತ್ತಿರವಾದುದರಿಂದ ಅಲ್ಲಿಯವರ ನಾಲಗೆಯ ಮೇಲೆ ಕನ್ನಡವೂ ತೆಲುಗೂ ಒಂದೇ ಮನೆಯ ಅಕ್ಕತಂಗಿಯರಂತೆ ಓಡಾಡಿಕೊಂಡಿರುತ್ತವೆ. ಜೀವನದಿಯಿಲ್ಲದ ಸೀಮೆ, ಕೆರೆಯನ್ನೂ ಕೊಳವೆ ಬಾವಿಯನ್ನೂ ನಂಬಿದ ಬೇಸಾಯ. ರಾಗಿಯ ಜೊತೆಗೆ ಟೊಮ್ಯಾಟೊ, ಹಿಪ್ಪುನೇರಳೆ, ಕೊಟ್ಟಿಗೆಯಲ್ಲಿ ಸೀಮೆ ಹಸು. ಇಲ್ಲಿಯ ರೈತನು ಬೆಲೆಯ ಏರಿಳಿತವೆಂಬುದನ್ನು ಪುಸ್ತಕದಿಂದ ಕಲಿತವನಲ್ಲ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋಗ್ರಾಮಿನ ಒಂದು ಬಾಕ್ಸ್ ಟೊಮ್ಯಾಟೊ 2,000 ರೂಪಾಯಿಯನ್ನು ದಾಟಿದ್ದನ್ನು ಅವನು ಕಂಡಿದ್ದಾನೆ. ಬೆಲೆ ಬಿದ್ದ ದಿನಗಳಲ್ಲಿ ಹಣ್ಣು ಕಿತ್ತ ಕೂಲಿಯೂ ಹುಟ್ಟದೆ ಬಾಕ್ಸುಗಳನ್ನು ರಸ್ತೆಯ ಬದಿಯಲ್ಲಿ ಸುರಿದು ಬಂದದ್ದನ್ನೂ ಕಂಡಿದ್ದಾನೆ.

ಇಂಥ ಊರಿನ ಯುವಕರು ಈಗ ಕೈಯಲ್ಲಿರುವ ಫೋನಿನಲ್ಲಿ ಯೂರೋ, ಡಾಲರು, ಯೆನ್ನುಗಳ ಬೆಲೆಯನ್ನು ನೋಡುತ್ತ ಕುಳಿತಿರುವುದನ್ನು ಕಂಡಾಗ ನನಗೆ ಆಶ್ಚರ್ಯವಾಗುವುದಿಲ್ಲ. ಬೆಲೆಯೊಡನೆ ಸೆಣಸುವುದು ಅವರ ರಕ್ತದಲ್ಲಿಯೇ ಇದೆ. ಆಶ್ಚರ್ಯವಾಗುವುದು ಇನ್ನೊಂದಕ್ಕೆ. ಮಂಡಿಯಲ್ಲಿ ಕಮಿಷನ್ನು ಎಷ್ಟು, ಹಮಾಲಿ ಎಷ್ಟು, ಲಾರಿ ಬಾಡಿಗೆ ಎಷ್ಟು ಎಂದು ಪೈಸೆ ಪೈಸೆಯಾಗಿ ಲೆಕ್ಕ ಕೇಳುವ ಮನೆತನದ ಹುಡುಗರು ಈ ಹೊಸ ಮಂಡಿಯೊಳಗೆ ಕಾಲಿಡುವಾಗ ಲೆಕ್ಕವನ್ನೇ ಕೇಳುವುದಿಲ್ಲ. ಕೇಳಿದರೂ ತಪ್ಪು ಪ್ರಶ್ನೆಯನ್ನು ಕೇಳುತ್ತಾರೆ. ವಾಣಿಜ್ಯಶಾಸ್ತ್ರವನ್ನು ಹೇಳಿಕೊಟ್ಟು ಕಾಲ ಕಳೆದವನೆಂಬ ಕಾರಣದಿಂದ ಈ ಪ್ರಶ್ನೆ ಹಲವು ಸಲ ನನ್ನ ಬಳಿಗೂ ಬಂದಿದೆ: “ಸಾರ್, ಫ್ಯೂಚರ್ಸ್ ಮಾಡುವುದರಲ್ಲಿ ಖರ್ಚು ಕಡಿಮೆಯೋ, ಫಾರೆಕ್ಸ್‌ನಲ್ಲಿ ಕಡಿಮೆಯೋ?”

ಪ್ರಶ್ನೆ ಸಣ್ಣದು. ಇದಕ್ಕೆ ಒಂದು ಸಾಲಿನ ಉತ್ತರವನ್ನು ಕೊಡಬಹುದು. ಆದರೆ ಆ ಉತ್ತರದಿಂದ ಯಾರಿಗೂ ಪ್ರಯೋಜನವಾಗಲಾರದು. ಆದಕಾರಣ ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಮೊದಲು ಈ ಎರಡು ವ್ಯಾಪಾರಗಳ ಸ್ವರೂಪವನ್ನು ತಿಳಿಯಬೇಕು. ಮುಳಬಾಗಿಲಿಗೆ ಸಮೀಪದ ಆವಣಿಯಲ್ಲಿ ಶಿವರಾತ್ರಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ದನದ ಜಾತ್ರೆಗಳಲ್ಲಿ ಹಳಬರು ಬೆಲೆ ಕಟ್ಟುತ್ತಿದ್ದ ಕ್ರಮವನ್ನು ನೋಡಿದವರಿಗೆ ಅದು ಮರೆಯುವಂಥದಲ್ಲ. ಕೊಳ್ಳುವವನ ಕೈಯನ್ನೂ ಮಾರುವವನ ಕೈಯನ್ನೂ ಒಂದು ವಲ್ಲಿಯಿಂದ ಮುಚ್ಚಿ, ಅದರಡಿಯಲ್ಲಿ ಬೆರಳುಗಳನ್ನು ಅದುಮಿ ಬೆಲೆಯನ್ನು ಸೂಚಿಸುವರು. ಪಕ್ಕದಲ್ಲಿ ನಿಂತವನಿಗೆ ಬೆಲೆ ಏನೆಂದು ತಿಳಿಯದು. ಆ ಎರಡು ಕೈಗಳ ನಡುವಣ ಗುಟ್ಟು ಅದು. ಇದಕ್ಕೆ ವಿರುದ್ಧವಾದದ್ದು ಎನ್. ವಡ್ಡಹಳ್ಳಿಯ ಟೊಮ್ಯಾಟೊ ಮಾರುಕಟ್ಟೆಯ ಹರಾಜು. ಅಲ್ಲಿ ಬೆಲೆಯನ್ನು ಕೂಗುತ್ತಾರೆ. ಕೂಗಿದ್ದು ಎಲ್ಲರ ಕಿವಿಗೂ ಬೀಳುತ್ತದೆ. ಒಬ್ಬನಿಗೆ ಹೇಳಿದ ಬೆಲೆಯೇ ಎಲ್ಲರಿಗೂ ಗೊತ್ತಾದ ಬೆಲೆ.

ವಾಯಿದೆಯ ವ್ಯಾಪಾರ, ಎಂದರೆ ಈಗಿನವರು ಫ್ಯೂಚರ್ಸ್ ಎಂದು ಕರೆಯುವುದು, ಹರಾಜಿನ ಕಟ್ಟೆಯ ಜಾತಿಗೆ ಸೇರಿದ್ದು. ಒಂದು ಮಾನ್ಯತೆ ಪಡೆದ ವಿನಿಮಯ ಕೇಂದ್ರ. ಅಲ್ಲಿ ಗೊತ್ತುಪಡಿಸಿದ ಗಾತ್ರ, ಗೊತ್ತುಪಡಿಸಿದ ಮುಕ್ತಾಯದ ದಿನ. ಕೊಳ್ಳುವವರು, ಮಾರುವವರು ಕೂಗಿದ ಬೆಲೆ ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ. ಇಬ್ಬರ ನಡುವೆ ಕೇಂದ್ರದ ತೀರುವಳಿ ಸಂಸ್ಥೆ ನಿಂತು ಹೊಣೆ ಹೊರುತ್ತದೆ. ಲೋಕದಲ್ಲಿ ನಾಣ್ಯಗಳ ವಾಯಿದೆ ಹೀಗೆ ವ್ಯವಸ್ಥಿತವಾಗಿ ಆರಂಭವಾದದ್ದು 1972ರ ಮೇ 16ರಂದು ಷಿಕಾಗೋ ನಗರದಲ್ಲಿ. ನಮ್ಮಲ್ಲಿ ರೂಪಾಯಿ–ಡಾಲರಿನ ವಾಯಿದೆ 2008ರ ಆಗಸ್ಟ್ 29ರಂದು ಮುಂಬಯಿಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಮೊದಲಾಯಿತು. ಒಂದು ಒಪ್ಪಂದದ ಗಾತ್ರ 1,000 ಡಾಲರು.

ಫಾರೆಕ್ಸ್ ಎಂದು ಜಾಹೀರಾತುಗಳು ಕರೆಯುವುದು ವಲ್ಲಿಯಡಿಯ ವ್ಯಾಪಾರಕ್ಕೆ ಹತ್ತಿರ. ಬ್ಯಾಂಕುಗಳು ತಮ್ಮತಮ್ಮೊಳಗೆ ನಡೆಸುವ ವಿದೇಶಿ ವಿನಿಮಯದ ಪೇಟೆ ಬಹು ದೊಡ್ಡದು, ನಿಜ. ಅಂತರರಾಷ್ಟ್ರೀಯ ತೀರುವಳಿ ಬ್ಯಾಂಕಿನ ಎಣಿಕೆಯಂತೆ 2022ರ ಏಪ್ರಿಲ್‌ನಲ್ಲಿ ಅದರ ದಿನವಹಿ ವಹಿವಾಟು 7.5 ಲಕ್ಷ ಕೋಟಿ ಡಾಲರುಗಳಷ್ಟಿತ್ತು. ಆದರೆ ತಾಯಲೂರಿನ ಹುಡುಗನ ಫೋನಿನಲ್ಲಿ ಇರುವುದು ಆ ಪೇಟೆಯಲ್ಲ, ಅದರ ನೆರಳು. ಎಲ್ಲಿಯೋ ಒಂದು ದ್ವೀಪದಲ್ಲಿ ನೋಂದಣಿಯಾದ ಸಂಸ್ಥೆ ತಾನೇ ಒಂದು ಕೊಳ್ಳುವ ದರವನ್ನೂ ಒಂದು ಮಾರುವ ದರವನ್ನೂ ತೋರಿಸುತ್ತದೆ. ಹುಡುಗನು ಕೊಂಡರೆ ಮಾರುವವನು ಆ ಸಂಸ್ಥೆಯೇ. ಅನೇಕ ವೇಳೆ ಅವನ ನಷ್ಟವೇ ಅದರ ಲಾಭ. ಹರಾಜು ಕೂಗುವವನೂ ಎದುರು ನಿಂತು ಕೊಳ್ಳುವವನೂ ಒಬ್ಬನೇ ಆದ ಮಂಡಿಯನ್ನು ನಮ್ಮ ರೈತರು ಒಂದು ದಿನವೂ ಸಹಿಸರು.

ಇನ್ನು ಖರ್ಚಿನ ಮಾತು. ಲೆಕ್ಕದ ಸೌಕರ್ಯಕ್ಕಾಗಿ ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ವಾಯಿದೆಯ ಒಂದು ಒಪ್ಪಂದದ ಬೆಲೆ 90,000 ರೂಪಾಯಿ. ಬೆಲೆ ಚಲಿಸುವ ಅತಿ ಸಣ್ಣ ಹೆಜ್ಜೆ ಪೈಸೆಯ ಕಾಲು ಭಾಗ. ಆ ಒಂದು ಹೆಜ್ಜೆಗೆ ಒಪ್ಪಂದದ ಮೇಲೆ 2 ರೂಪಾಯಿ 50 ಪೈಸೆಯ ಲಾಭ ಅಥವಾ ನಷ್ಟ. ಷೇರುಗಳ ವಾಯಿದೆಗೆ ಇರುವ ವಹಿವಾಟು ತೆರಿಗೆ ನಾಣ್ಯದ ವಾಯಿದೆಗೆ ಇಲ್ಲ. ಮುದ್ರಾಂಕ ಶುಲ್ಕ ಕೊಳ್ಳುವ ಕಡೆಯಲ್ಲಿ ಕೋಟಿಗೆ 10 ರೂಪಾಯಿ. ನಮ್ಮ ಒಪ್ಪಂದಕ್ಕೆ 9 ಪೈಸೆ. ಕೇಂದ್ರದ ಶುಲ್ಕ, ಸೆಬಿಯ ಶುಲ್ಕ ಎಲ್ಲ ಕೂಡಿ, ಕೊಂಡು ಮಾರುವ ಎರಡು ಕಡೆಗೂ ಸೇರಿ ಒಂದು ರೂಪಾಯಿಯ ಆಸುಪಾಸು. ಇದನ್ನು ನೋಡಿ ಹುಡುಗರು ಹಿಗ್ಗುತ್ತಾರೆ. ಹಿಗ್ಗಬೇಡಿ ಎನ್ನುವುದಕ್ಕೆ ಕಾರಣ ದಲ್ಲಾಳಿಯ ಕೂಲಿ. ಈಗಿನ ಅಗ್ಗದ ದಲ್ಲಾಳಿಗಳಲ್ಲಿ ಅನೇಕರು ಒಂದು ಆದೇಶಕ್ಕೆ 20 ರೂಪಾಯಿ ಎಂದು ಗೊತ್ತುಪಡಿಸಿದ್ದಾರೆ. ಕೊಳ್ಳಲು 20, ಮಾರಲು 20, ಅದರ ಮೇಲೆ ನೂರಕ್ಕೆ 18ರಂತೆ ಸರಕು ಮತ್ತು ಸೇವಾ ತೆರಿಗೆ: ಒಟ್ಟು 47 ರೂಪಾಯಿ 20 ಪೈಸೆ. ಒಂದೇ ಒಪ್ಪಂದ ಮಾಡುವವನಿಗೆ ಇದು ಡಾಲರಿಗೆ ಸುಮಾರು ಪೌಣೆ ಐದು ಪೈಸೆ. ಎಂದರೆ ಬೆಲೆ ಅವನ ಪರವಾಗಿ ಹತ್ತೊಂಬತ್ತು ಹೆಜ್ಜೆ ನಡೆದ ಮೇಲೆ ಅವನು ಹೊರಟ ಜಾಗಕ್ಕೆ ಬಂದು ನಿಲ್ಲುತ್ತಾನೆ. ಅದೇ ಆದೇಶದಲ್ಲಿ ಹತ್ತು ಒಪ್ಪಂದಗಳನ್ನು ಕೊಂಡವನಿಗೂ ಕೂಲಿ ಅಷ್ಟೇ. ಅವನಿಗೆ ಡಾಲರಿಗೆ ಅರ್ಧ ಪೈಸೆಯೂ ಬೀಳದು. ಲಾರಿಯಲ್ಲಿ ಒಂದೇ ಬಾಕ್ಸ್ ಹಾಕಿ ಕಳುಹಿಸಿದರೂ ಲಾರಿ ತುಂಬ ಹಾಕಿ ಕಳುಹಿಸಿದರೂ ಬಾಡಿಗೆ ಒಂದೇ ಎಂದಂತಾಯಿತು. ಸಣ್ಣ ವ್ಯಾಪಾರಿಗೆ ಸಣ್ಣ ಖರ್ಚು ಎಂಬುದು ಸುಳ್ಳು. ಅವನದು ಪ್ರಮಾಣದಲ್ಲಿ ಎಲ್ಲರಿಗಿಂತ ದೊಡ್ಡ ಖರ್ಚು.

ಷೇರು ಸೂಚ್ಯಂಕಗಳ ವಾಯಿದೆಯಲ್ಲಿ ಇದು ತಿರುಗುಮುರುಗು. ಅಲ್ಲಿ ದಲ್ಲಾಳಿಯ 20 ರೂಪಾಯಿ ನಗಣ್ಯ, ಸರ್ಕಾರದ ಪಾಲೇ ದೊಡ್ಡದು. ಷೇರು ವಹಿವಾಟು ತೆರಿಗೆ 2024ರ ಅಕ್ಟೋಬರ್ 1ರಿಂದ ವಾಯಿದೆಯ ಮಾರಾಟದ ಮೇಲೆ ನೂರಕ್ಕೆ 0.0125ರಿಂದ 0.02ಕ್ಕೆ ಏರಿತು, ಅದೇ ವರ್ಷದ ನವೆಂಬರಿನಿಂದ ಹೊಸ ಒಪ್ಪಂದದ ಕನಿಷ್ಠ ಗಾತ್ರ 15 ಲಕ್ಷ ರೂಪಾಯಿ ಆಯಿತು. 15 ಲಕ್ಷಕ್ಕೆ ಆ ಏರಿದ ದರದಲ್ಲಿ ಒಂದು ಮಾರಾಟಕ್ಕೆ 300 ರೂಪಾಯಿ ತೆರಿಗೆ; ಹಳೆಯ ದರದಲ್ಲಿ 187 ರೂಪಾಯಿ 50 ಪೈಸೆ ಆಗುತ್ತಿತ್ತು. ದಲ್ಲಾಳಿ ಪುಕ್ಕಟೆಯಾಗಿ ಮಾಡಿಕೊಡುತ್ತೇನೆಂದರೂ ಈ ಖರ್ಚು ತಪ್ಪುವುದಿಲ್ಲ.

ಫಾರೆಕ್ಸ್‌ನ ಕಡೆಗೆ ಬರೋಣ. ಅಲ್ಲಿಯ ಜಾಹೀರಾತಿನ ಮೊದಲ ಸಾಲೇ ‘ಕಮಿಷನ್ ಇಲ್ಲ’ ಎಂಬುದು. ತಾಯಲೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಇದನ್ನೇ ಹಿಡಿದುಕೊಂಡು ಬಂದ.

“ಸಾರ್, ಇವರು ಒಂದು ಕಾಸೂ ಕೇಳುವುದಿಲ್ಲ. ನೀವೇ ನೋಡಿ.”

“ಕೊಳ್ಳುವುದಕ್ಕೆ ಎಷ್ಟು ಬೆಲೆ ತೋರಿಸುತ್ತಿದೆಯಪ್ಪ?”

ಅವನು ಹೇಳಿದ.

“ಈ ಗಳಿಗೆಯಲ್ಲಿಯೇ ಮಾರಿದರೆ?”

ಅವನು ಅದನ್ನೂ ಹೇಳಿ ಸುಮ್ಮನಾದ. ಎರಡಕ್ಕೂ ನಡುವೆ ದಶಾಂಶದ ನಾಲ್ಕನೆಯ ಸ್ಥಾನದಲ್ಲಿ ಒಂದು ಅಂಕಿಯ ಅಂತರವಿತ್ತು.

ಆ ಒಂದು ಅಂಕಿಯೇ ಕಮಿಷನ್ನು. 10,000 ಯೂರೋಗಳ ವ್ಯಾಪಾರಕ್ಕೆ ಅದು ಒಂದು ಡಾಲರು. ಒಂದು ಡಾಲರು ಯಾವ ಮಹಾ ಖರ್ಚು ಎಂದು ಕೇಳಬಹುದು. ಆದರೆ ಈ ವ್ಯಾಪಾರ ಮಾಡುವವನು ಕೈಯಿಂದ ಹಾಕಿರುವುದು 10,000 ಯೂರೋಗಳನ್ನಲ್ಲ. ಸುಮಾರು 500 ಡಾಲರುಗಳನ್ನು. ಉಳಿದದ್ದು ಆ ಸಂಸ್ಥೆ ಪುಸ್ತಕದಲ್ಲಿ ಕೊಟ್ಟ ಸಾಲದ ಬಲ. ದಿನಕ್ಕೆ ಐದು ಸಲ ವ್ಯಾಪಾರ ಮಾಡಿದರೆ 5 ಡಾಲರು. ತಿಂಗಳಿಗೆ ಇಪ್ಪತ್ತು ದಿನಕ್ಕೆ 100 ಡಾಲರು. 500 ಡಾಲರುಗಳ ಬಂಡವಾಳಕ್ಕೆ ತಿಂಗಳಿಗೆ 100 ಡಾಲರು ಖರ್ಚು, ಎಂದರೆ ನೂರಕ್ಕೆ ಇಪ್ಪತ್ತು. ನಮ್ಮ ಕಡೆ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಹಣ ಕೊಡುವವನನ್ನು ರಕ್ತ ಹೀರುವವನು ಎನ್ನುತ್ತೇವೆ. ಇವನು ಬಡ್ಡಿಯ ಹೆಸರೆತ್ತದೆ, ಕಮಿಷನ್ನಿನ ಹೆಸರೂ ಎತ್ತದೆ ಇಪ್ಪತ್ತನ್ನು ತೆಗೆದುಕೊಂಡರೂ ಉಪಕಾರಿಯಂತೆ ಕಾಣುತ್ತಾನೆ! ಹುಡುಗನು ತಿಂಗಳು ತಿಂಗಳೂ ನೂರಕ್ಕೆ ಇಪ್ಪತ್ತು ಗಳಿಸುವಷ್ಟು ಜಾಣನಾದರೆ ಮಾತ್ರ ಅವನ ಹಣ ಇದ್ದಷ್ಟೇ ಇರುತ್ತದೆ. ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಅವನು ಬಹಳ ಹೊತ್ತು ಅದನ್ನೇ ನೋಡಿ, “ಹಾಗಾದರೆ ದಿನಕ್ಕೆ ಒಂದೇ ಸಲ ಮಾಡಿದರೆ?” ಎಂದ. ಒಂದೇ ಸಲವಾದರೆ ತಿಂಗಳಿಗೆ ನೂರಕ್ಕೆ ನಾಲ್ಕು. ಕಡಿಮೆಯೇ. ಆದರೆ ಆ ಫೋನಿನ ಹಲಗೆಯನ್ನು ರೂಪಿಸಿರುವುದು ದಿನಕ್ಕೆ ಒಂದೇ ಸಲ ನೋಡಿ ಎದ್ದುಹೋಗುವವರಿಗಾಗಿ ಅಲ್ಲವೆಂಬುದು ಅವನಿಗೂ ಗೊತ್ತಿತ್ತು.

ಇದರ ಮೇಲೆ ರಾತ್ರಿಯ ಲೆಕ್ಕ ಬೇರೆ. ಎರಡು ದೇಶಗಳ ನಾಣ್ಯಕ್ಕೆ ಬಡ್ಡಿಯ ದರ ಬೇರೆಬೇರೆ. ಹೆಚ್ಚು ಬಡ್ಡಿಯ ನಾಣ್ಯವನ್ನು ಮಾರಿ ಕಡಿಮೆ ಬಡ್ಡಿಯದನ್ನು ಕೊಂಡವನು ಆ ವ್ಯತ್ಯಾಸವನ್ನು ತೆರಬೇಕು. ಫಾರೆಕ್ಸ್‌ನಲ್ಲಿ ಅದನ್ನು ಪ್ರತಿ ರಾತ್ರಿ ಖಾತೆಯಿಂದ ಕಳೆಯುತ್ತಾರೆ. ಸಾಮಾನ್ಯವಾಗಿ ಬುಧವಾರದ ರಾತ್ರಿ ಶನಿವಾರ ಭಾನುವಾರಗಳನ್ನೂ ಸೇರಿಸಿ ಮೂರು ದಿನದ್ದನ್ನು ಕಳೆಯುತ್ತಾರೆ. ಜೊತೆಗೆ ತಮ್ಮದಾಗಿ ಒಂದಿಷ್ಟನ್ನು ಕೂಡಿಸಿರುತ್ತಾರೆ. ವಾಯಿದೆಯಲ್ಲಿ ಇದೇ ಬಡ್ಡಿ ಬೆಲೆಯೊಳಗೇ ಅಡಗಿರುತ್ತದೆ. ಇಂದಿನ ಡಾಲರಿಗೆ 90 ರೂಪಾಯಿ, ನಮ್ಮ ಬಡ್ಡಿ ಅಮೆರಿಕದ ಬಡ್ಡಿಗಿಂತ ವರ್ಷಕ್ಕೆ ನೂರಕ್ಕೆ ಎರಡರಷ್ಟು ಹೆಚ್ಚು ಎಂದಾದರೆ, ವರ್ಷದ ಮುಂದಿನ ವಾಯಿದೆಯ ಡಾಲರು ಸುಮಾರು 91 ರೂಪಾಯಿ 80 ಪೈಸೆಯಾಗಿ ಕಾಣಿಸುತ್ತದೆ. ಡಾಲರು ಏರುತ್ತದೆಂದು ಯಾರೂ ಭವಿಷ್ಯ ಹೇಳಿದ್ದಲ್ಲ. ಅದು ಬಡ್ಡಿಯ ಲೆಕ್ಕ. ಇದನ್ನು ತಿಳಿಯದೆ ‘ವಾಯಿದೆಯಲ್ಲಿ ರಾತ್ರಿಯ ಖರ್ಚಿಲ್ಲ’ ಎನ್ನುವವರನ್ನೂ, ‘ವಾಯಿದೆಯ ಬೆಲೆ ದುಬಾರಿ’ ಎನ್ನುವವರನ್ನೂ ನಾನು ಕಂಡಿದ್ದೇನೆ. ಎರಡೂ ಅರ್ಧ ಸತ್ಯ.

ಅಮೆರಿಕದಲ್ಲಿ ನೆಲಸಿದ ಕನ್ನಡಿಗನಿಗೆ ಈ ಹೋಲಿಕೆ ನಿಜವಾದ ಆಯ್ಕೆಯ ವಿಷಯ. ಅವನು ಷಿಕಾಗೋ ಕೇಂದ್ರದಲ್ಲಿ 1,25,000 ಯೂರೋಗಳ ದೊಡ್ಡ ಒಪ್ಪಂದವನ್ನೋ 12,500 ಯೂರೋಗಳ ಸಣ್ಣ ಒಪ್ಪಂದವನ್ನೋ ಮಾಡಬಹುದು. ಅಥವಾ ಅಲ್ಲಿಯ ನಿಯಂತ್ರಣಕ್ಕೆ ಒಳಪಟ್ಟ ಫಾರೆಕ್ಸ್ ಸಂಸ್ಥೆಯಲ್ಲಿ ಖಾತೆ ತೆರೆಯಬಹುದು. ವಾಯಿದೆಯ ಲಾಭದ ನೂರರಲ್ಲಿ ಅರವತ್ತು ಪಾಲಿಗೆ ದೀರ್ಘಾವಧಿಯ ಕಡಿಮೆ ತೆರಿಗೆ ಎಂಬ ಸೌಲಭ್ಯವೂ ಅಲ್ಲಿ ಉಂಟು. ಅವನು ಕುಳಿತು ಪೆನ್ಸಿಲು ಹಿಡಿದು ಯಾವುದು ಅಗ್ಗವೆಂದು ನೋಡುವುದರಲ್ಲಿ ಅರ್ಥವಿದೆ. ತಾಯಲೂರಿನಲ್ಲಿರುವ ಅವನ ತಮ್ಮನಿಗೆ ಆ ಅರ್ಥವಿಲ್ಲ. ಏಕೆಂದರೆ ಇವನ ಖರ್ಚಿನ ಪಟ್ಟಿಯಲ್ಲಿ ಅಣ್ಣನ ಪಟ್ಟಿಯಲ್ಲಿಲ್ಲದ ಒಂದು ಬಾಬು ಇದೆ. ಅದು ಕಾನೂನು.

2000ದ ಜೂನ್ 1ರಿಂದ ಜಾರಿಯಲ್ಲಿರುವ ವಿದೇಶಿ ವಿನಿಮಯ ನಿರ್ವಹಣಾ ಕಾಯಿದೆಯಂತೆ ಭಾರತದ ನಿವಾಸಿಯು ಅಧಿಕೃತ ವ್ಯಕ್ತಿಗಳೊಡನೆ, ಅನುಮತಿಯಿರುವ ಉದ್ದೇಶಗಳಿಗೆ ಮಾತ್ರ ವಿದೇಶಿ ನಾಣ್ಯದ ವ್ಯವಹಾರ ಮಾಡಬೇಕು. ವರ್ಷಕ್ಕೆ 2,50,000 ಡಾಲರುಗಳವರೆಗೆ ಹೊರಕ್ಕೆ ಕಳುಹಿಸಲು ಅವಕಾಶ ಕೊಡುವ ರಿಸರ್ವ್ ಬ್ಯಾಂಕಿನ ಯೋಜನೆಯೇ, ಹೊರದೇಶದ ವಾಯಿದೆಗೆ ಮುಂಗಡವಾಗಿ ಹಣ ಕಳುಹಿಸಕೂಡದೆಂದು ಸ್ಪಷ್ಟವಾಗಿ ನಿಷೇಧಿಸುತ್ತದೆ. ಉಲ್ಲಂಘಿಸಿದರೆ ಮೊತ್ತದ ಮೂರರಷ್ಟರವರೆಗೆ ದಂಡ ಹಾಕಬಹುದು. 2022ರ ಸೆಪ್ಟೆಂಬರ್ 7ರಂದು ರಿಸರ್ವ್ ಬ್ಯಾಂಕು ಅನುಮತಿಯಿಲ್ಲದ ಸಂಸ್ಥೆಗಳ ಎಚ್ಚರಿಕೆಯ ಪಟ್ಟಿಯೊಂದನ್ನು ಹೊರಡಿಸಿತು. ಮೊದಲ ಪಟ್ಟಿಯಲ್ಲಿ 34 ಹೆಸರುಗಳಿದ್ದವು, ಆಮೇಲೆ ಅದು ಬೆಳೆಯುತ್ತ ಹೋಯಿತು. ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಅನುಮತಿ ಇದೆಯೆಂದು ತಿಳಿಯಬಾರದೆಂದೂ ಬ್ಯಾಂಕೇ ಹೇಳಿದೆ.

ಇದು ಬರಿಯ ಕಾಗದದ ಮಾತಲ್ಲ. ಆ ಸಂಸ್ಥೆಗಳು ನಮ್ಮ ಹುಡುಗರಿಂದ ಹಣವನ್ನು ತೆಗೆದುಕೊಳ್ಳುವುದು ಬಹುಮಟ್ಟಿಗೆ ಇಲ್ಲಿಯೇ ಇರುವ ಯಾರದೋ ಬ್ಯಾಂಕ್ ಖಾತೆಯ ಮೂಲಕ. ಆ ಖಾತೆ ಇನ್ನಾವುದೋ ವಂಚನೆಯ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದರೆ, ಅಲ್ಲಿಂದ ಗೆದ್ದ ಹಣವನ್ನು ಹಿಂದಕ್ಕೆ ಪಡೆದವನ ಖಾತೆಯನ್ನೂ ಪೋಲೀಸರು ತಡೆಹಿಡಿಯುತ್ತಾರೆ. ಹಾಲಿನ ಡೇರಿಯಿಂದ ಬರುವ ಹದಿನೈದು ದಿನದ ಬಟವಾಡೆಯೂ ಅದೇ ಖಾತೆಗೆ ಬೀಳುವಂಥದಾದರೆ ಮನೆಯ ಗತಿ ಏನು? ಹಸುವಿನ ಬೂಸಾ ಸಾಲ ತೀರಿಸುವವರಾರು? ಕಮಿಷನ್ ಇಲ್ಲವೆಂಬ ವ್ಯಾಪಾರದ ಖರ್ಚನ್ನು ಎಣಿಸುವವರು ಇದನ್ನು ಯಾವ ಕಾಲಂನಲ್ಲಿ ಬರೆಯುತ್ತಾರೆ?

ಹಾಗಾದರೆ ನಮ್ಮ ದೇಶದ ಕೇಂದ್ರದಲ್ಲಿಯೇ ನಾಣ್ಯದ ವಾಯಿದೆಯನ್ನು ಮಾಡಬಹುದಲ್ಲವೆ ಎಂದರೆ, ಅದಕ್ಕೂ ಒಂದು ಷರತ್ತುಂಟು. ಈ ವಾಯಿದೆಯ ಉದ್ದೇಶ ನಿಜವಾದ ಡಾಲರಿನ ಕೊಡು-ಕೊಳ್ಳುವಿಕೆ ಉಳ್ಳವರಿಗೆ ರಕ್ಷಣೆ ಕೊಡುವುದು. 2014ರಲ್ಲಿ ಒಂದು ಮಿತಿಯವರೆಗೆ ದಾಖಲೆ ತೋರಿಸಬೇಕಿಲ್ಲವೆಂದು ರಿಸರ್ವ್ ಬ್ಯಾಂಕು ಸಡಿಲಿಸಿತು. ದಾಖಲೆ ಬೇಡವೆಂದರೆ ವ್ಯವಹಾರವೇ ಬೇಡವೆಂದು ಜನ ಅರ್ಥಮಾಡಿಕೊಂಡರು. ದಲ್ಲಾಳಿಗಳು ಅದನ್ನು ತಿದ್ದಲಿಲ್ಲ. 2024ರ ಜನವರಿ 5ರ ಸುತ್ತೋಲೆಯಲ್ಲಿ ಬ್ಯಾಂಕು ಮತ್ತೆ ಸ್ಪಷ್ಟಪಡಿಸಿತು: 10 ಕೋಟಿ ಡಾಲರುಗಳವರೆಗೆ ದಾಖಲೆಯನ್ನು ಮುಂಗಡವಾಗಿ ತೋರಿಸಬೇಕಿಲ್ಲ, ಆದರೆ ಡಾಲರಿನ ನಿಜವಾದ ಬಾಧ್ಯತೆ ಇರಲೇಬೇಕು. ಪೇಟೆಯಲ್ಲಿ ಗಾಬರಿ ಹುಟ್ಟಿತು. ಏಪ್ರಿಲ್ 5ರಿಂದ ಜಾರಿಯಾಗಬೇಕಾಗಿದ್ದುದನ್ನು ಮೇ 3ಕ್ಕೆ ಮುಂದೂಡಿದರು. ಅಲ್ಲಿಂದ ಮುಂದೆ ಈ ವಾಯಿದೆಯ ವಹಿವಾಟು ಬಹಳವಾಗಿ ಕುಗ್ಗಿತು. ಇಷ್ಟು ದಿನ ಅಲ್ಲಿ ನೆರೆದಿದ್ದವರಲ್ಲಿ ಎಷ್ಟು ಮಂದಿಗೆ ಡಾಲರಿನ ಕೆಲಸವೇ ಇರಲಿಲ್ಲವೆಂಬುದು ಅದರಿಂದಲೇ ಗೊತ್ತಾಯಿತು. ವಹಿವಾಟು ಕುಗ್ಗಿದ ಪೇಟೆಯಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಹಿಗ್ಗುತ್ತದೆ. ಹತ್ತೇ ಜನ ಇರುವ ಹರಾಜಿನಂತೆ. ಇದೂ ಖರ್ಚೇ. ರಸೀತಿಯಲ್ಲಿ ಕಾಣದ ಖರ್ಚು.

ನನ್ನ ಮಾತಿಗೆ ಅಂಕಿ-ಅಂಶಗಳ ಬೆಂಬಲ ಬೇಕೆನ್ನುವವರು ಸೆಬಿಯ ಅಧ್ಯಯನಗಳನ್ನು ನೋಡಬಹುದು. ಅವು ಷೇರಿನ ವಾಯಿದೆ ಮತ್ತು ಆಯ್ಕೆಗಳನ್ನು ಕುರಿತವು, ನಾಣ್ಯವನ್ನು ಕುರಿತವಲ್ಲ. ಆದರೂ ಮನುಷ್ಯಸ್ವಭಾವ ಎರಡು ಕಡೆಯೂ ಒಂದೇ. 2024ರ ಸೆಪ್ಟೆಂಬರಿನ ವರದಿಯಂತೆ, 2021–22ರಿಂದ ಮೂರು ಆರ್ಥಿಕ ವರ್ಷಗಳಲ್ಲಿ ಒಂದು ಕೋಟಿಗೂ ಹೆಚ್ಚಿನ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೀರಿತು. ಆ ಮೂರು ವರ್ಷಗಳಲ್ಲಿ ಅವರು ವಹಿವಾಟಿನ ಖರ್ಚಿಗೆಂದೇ ತೆತ್ತದ್ದು ಸುಮಾರು 50,000 ಕೋಟಿ. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದಲ್ಲಾಳಿಗಳಿಗೆ, ಐದರಲ್ಲೊಂದು ಪಾಲು ವಿನಿಮಯ ಕೇಂದ್ರಗಳಿಗೆ. 2023–24ರಲ್ಲಿ ಒಬ್ಬ ವ್ಯಾಪಾರಿಯ ಸರಾಸರಿ ಖರ್ಚು 26,000 ರೂಪಾಯಿ. ಮುಂದಿನ ವರ್ಷವೂ ನೂರಕ್ಕೆ 91 ಮಂದಿ ಸೋತರೆಂದು 2025ರ ಜುಲೈ ವರದಿ ಹೇಳಿತು. ಯೂರೋಪಿನಲ್ಲಿ ಫಾರೆಕ್ಸ್ ಮಾದರಿಯ ಒಪ್ಪಂದಗಳನ್ನು ಮಾಡುವ ಸಾಮಾನ್ಯರ ಖಾತೆಗಳಲ್ಲಿ ನೂರಕ್ಕೆ 74ರಿಂದ 89 ನಷ್ಟದಲ್ಲಿವೆಯೆಂದು ಅಲ್ಲಿಯ ನಿಯಂತ್ರಕರು 2018ರಲ್ಲಿ ಕಂಡುಕೊಂಡು, ಸಾಲದ ಬಲವನ್ನು ಒಂದಕ್ಕೆ ಮೂವತ್ತರಷ್ಟಕ್ಕೆ ಇಳಿಸಿದರು. ನಮ್ಮ ಹುಡುಗರಿಗೆ ದ್ವೀಪದ ಸಂಸ್ಥೆಗಳು ಒಂದಕ್ಕೆ ಐನೂರು ಕೊಡುತ್ತೇವೆಂದು ಕರೆಯುತ್ತಿವೆ. ಸಾಲ ಹೆಚ್ಚು ಕೊಡುವವನನ್ನು ಉದಾರಿಯೆಂದು ತಿಳಿಯುವುದು ನಮ್ಮ ಹಳೆಯ ರೋಗ.

ಇಲ್ಲಿ ಒಂದು ಮಾತು ಹೇಳಬೇಕು. ಕೋಲಾರದ ಸೀಮೆಗೆ ನಾಣ್ಯ ವಿನಿಮಯ ಹೊಸದೆಂದು ಯಾರೂ ತಿಳಿಯಬಾರದು. ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಲಂಡನ್ನಿನವರು. ಪಾಲುದಾರರು ಅಲ್ಲಿ, ಲಾಭ ಪೌಂಡಿನಲ್ಲಿ. ಭೂಮಿಯೊಳಕ್ಕೆ ಇಳಿಯುವ ಕೂಲಿ ಇಲ್ಲಿ, ಸಂಬಳ ರೂಪಾಯಿಯಲ್ಲಿ. ರೂಪಾಯಿಗೆ ಒಂದು ಷಿಲಿಂಗ್ ನಾಲ್ಕು ಪೆನ್ಸೋ ಆರು ಪೆನ್ಸೋ ಎಂಬ ಜಗಳ 1920ರ ದಶಕದಲ್ಲಿ ದೇಶವನ್ನೇ ಕಲಕಿ, 1927ರಲ್ಲಿ ಆರು ಪೆನ್ಸಿನ ಪಕ್ಷ ಗೆದ್ದಿತು. ಹೆಚ್ಚಿದ ಆ ಎರಡು ಪೆನ್ಸು ರೂಪಾಯಿಯಲ್ಲಿ ಖರ್ಚು ಮಾಡಿ ಪೌಂಡಿನಲ್ಲಿ ಗಳಿಸುವವರಿಗೆಲ್ಲ ಹೊರೆಯೇ. ವಿನಿಮಯದ ದರವೆಂಬುದು ಅಂದು ಜಿಲ್ಲೆಯ ನೆಲದೊಳಗಣ ಒಂದು ನಿಜವಾದ ಬಾಧ್ಯತೆಯಾಗಿತ್ತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಬಾಧ್ಯತೆ ಹೋಯಿತು, ದರ ಉಳಿಯಿತು.

ಇಂದು ಈ ಸೀಮೆಯಲ್ಲಿ ನಿಜವಾದ ಬೆಲೆಯ ಭಯ ಇರುವುದು ಎಲ್ಲಿ? ಟೊಮ್ಯಾಟೊದಲ್ಲಿ. ಅದಕ್ಕೆ ನಮ್ಮ ದೇಶದಲ್ಲಿ ವಾಯಿದೆಯ ಪೇಟೆಯೇ ಇಲ್ಲ. ನಾಲ್ಕು ದಿನ ಇಟ್ಟರೆ ಕೊಳೆಯುವ ಹಣ್ಣಿಗೆ ಅದನ್ನು ಕಟ್ಟುವುದೂ ಸುಲಭವಲ್ಲ. ಅಮೆರಿಕದಲ್ಲಿ 1955ರಲ್ಲಿ ಇಬ್ಬರು ವ್ಯಾಪಾರಿಗಳು ಈರುಳ್ಳಿಯ ವಾಯಿದೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಳೆಗಾರರನ್ನು ಹಾಳುಮಾಡಿದ ಮೇಲೆ 1958ರಲ್ಲಿ ಈರುಳ್ಳಿಯ ವಾಯಿದೆಯನ್ನೇ ಕಾನೂನಿನಿಂದ ನಿಲ್ಲಿಸಿದರು. ಮಾವಿನ ಮಾತೂ ಹೀಗೆಯೇ. ಶ್ರೀನಿವಾಸಪುರದ ತೋತಾಪುರಿ ಗಡಿಯಾಚೆಯ ಚಿತ್ತೂರಿನ ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ತಿರುಳು ಹಡಗು ಹತ್ತುತ್ತದೆ. ಆದುದರಿಂದ ಡಾಲರಿನ ದರ ತೋಟದವರೆಗೂ ಬರುತ್ತದೆ. ಆದರೆ ಒಪ್ಪಂದದಲ್ಲಿ ಡಾಲರು ಕಾರ್ಖಾನೆಯದು, ರೈತನದಲ್ಲ. 2025ರ ಜೂನ್‌ನಲ್ಲಿ ಚಿತ್ತೂರಿನ ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯನ್ನು ಒಳಗೆ ಬಿಡಕೂಡದೆಂದು ಆಜ್ಞೆ ಮಾಡಿದಾಗ ಅವನಿಗಾದ ನಷ್ಟಕ್ಕೆ ಯಾವ ವಾಯಿದೆಯೂ ರಕ್ಷಣೆ ಕೊಡುವಂತಿರಲಿಲ್ಲ. ತಂದೆಯ ಬೆಳೆಗೆ ರಕ್ಷಣೆಯ ಪೇಟೆಯಿಲ್ಲ; ಮಗನಿಗೆ ಸಂಬಂಧವೇ ಇಲ್ಲದ ಯೂರೋವಿಗೆ ಹಗಲೂ ರಾತ್ರಿಯೂ ಪೇಟೆ ತೆರೆದಿದೆ! ಈ ವಿಪರ್ಯಾಸವನ್ನು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ಚರ್ಚಿಸಿದರೆ ಪಠ್ಯಕ್ಕೆ ಜೀವ ಬಂದೀತು.

ಡಾಲರಿನ ನಿಜವಾದ ಬಾಧ್ಯತೆ ಈ ಭಾಗದಲ್ಲಿ ಯಾರಿಗೂ ಇಲ್ಲವೆಂದಲ್ಲ. ಹಳ್ಳಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಅಮೆರಿಕಕ್ಕೆ ಓದಲು ಹೋದ ಮಕ್ಕಳು ಈಗ ಅಪರೂಪವಲ್ಲ. ಆರು ತಿಂಗಳ ಮುಂದೆ 20,000 ಡಾಲರು ಶುಲ್ಕ ಕಟ್ಟಬೇಕಾದ ತಂದೆಯ ಸ್ಥಿತಿಯನ್ನು ಯೋಚಿಸಿ. ಡಾಲರು ಎರಡು ರೂಪಾಯಿ ಏರಿದರೆ ಅವನಿಗೆ 40,000 ರೂಪಾಯಿ ಹೆಚ್ಚು ಹೊರೆ. ಇಂಥವನು ಇಪ್ಪತ್ತು ಒಪ್ಪಂದಗಳನ್ನು ಕೊಂಡರೆ ಅದು ಜೂಜಲ್ಲ; ಡಾಲರು ಏರಿದಾಗ ಶುಲ್ಕದಲ್ಲಿ ಕಳೆದುಕೊಂಡದ್ದನ್ನು ವಾಯಿದೆಯಲ್ಲಿ ಪಡೆಯುತ್ತಾನೆ, ಇಳಿದಾಗ ವಾಯಿದೆಯಲ್ಲಿ ಕಳೆದುಕೊಂಡದ್ದನ್ನು ಶುಲ್ಕದಲ್ಲಿ ಉಳಿಸುತ್ತಾನೆ. ಒಂದೇ ಆದೇಶದಲ್ಲಿ ಮಾಡಿದರೆ ದಲ್ಲಾಳಿಯ ಕೂಲಿಯೂ ಕೇಂದ್ರದ ಶುಲ್ಕವೂ ಸೇರಿ ಕೊಂಡು ಮಾರಲು ನೂರು ರೂಪಾಯಿ ದಾಟುವುದಿಲ್ಲ. ಮುಂಗಡಕ್ಕೆ ಕಟ್ಟಿದ ಹಣದ ಬಡ್ಡಿಯನ್ನೂ, ದಿನದಿನದ ನಷ್ಟವನ್ನು ಅಂದಂದೇ ತುಂಬಬೇಕಾದ ತಾಪತ್ರಯವನ್ನೂ, ಮುಂದಿನ ತಿಂಗಳುಗಳ ಬೆಲೆಯಲ್ಲಿ ಅಡಗಿರುವ ಬಡ್ಡಿಯನ್ನೂ ಅವನು ಸೇರಿಸಿಕೊಳ್ಳಬೇಕು.

ಆದರೆ ಈ ವಾಯಿದೆ ಡಾಲರನ್ನು ಕೈಗೆ ಕೊಡುವುದಿಲ್ಲ. ಅದು ರೂಪಾಯಿಯಲ್ಲಿಯೇ ತೀರುತ್ತದೆ. ಕಾಲೇಜಿಗೆ ಕಳುಹಿಸುವ ಡಾಲರನ್ನು ಅವನು ಕೊನೆಗೆ ಬ್ಯಾಂಕಿನಲ್ಲಿಯೇ ಕೊಳ್ಳಬೇಕು. ಅಲ್ಲಿ ಬ್ಯಾಂಕು ಪೇಟೆಯ ದರಕ್ಕಿಂತ ಒಂದು ರೂಪಾಯಿ ಹೆಚ್ಚು ಹಿಡಿದರೆ 20,000 ರೂಪಾಯಿ ಒಂದೇ ಏಟಿಗೆ ಹೋಯಿತು. ವಾಯಿದೆಯೋ ಫಾರೆಕ್ಸೋ ಎಂದು ಚರ್ಚಿಸುವ ಜಾಣರು ಈ ಅಂತರವನ್ನು ಗಮನಿಸಿದ್ದನ್ನು ನಾನು ಕಾಣೆ. ಅದು ರಸೀತಿಯಲ್ಲಿ ಶುಲ್ಕವೆಂದು ಬರುವುದಿಲ್ಲ, ದರದೊಳಗೆ ಕರಗಿರುತ್ತದೆ. ಹುಡುಗನ ಫೋನಿನ ನಾಲ್ಕನೆಯ ದಶಾಂಶದಂತೆಯೇ. ಇದಕ್ಕಾಗಿಯೇ 2019ರ ಆಗಸ್ಟ್ 5ರಂದು ಭಾರತೀಯ ತೀರುವಳಿ ನಿಗಮವು ರಿಸರ್ವ್ ಬ್ಯಾಂಕಿನ ಪ್ರೇರಣೆಯಿಂದ ‘ಎಫ್‌ಎಕ್ಸ್-ರಿಟೇಲ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಬ್ಯಾಂಕಿನ ಮೂಲಕ ಅದರಲ್ಲಿ ಹೆಸರು ನೋಂದಾಯಿಸಿದ ಸಾಮಾನ್ಯ ಗಿರಾಕಿಯು ದೊಡ್ಡವರು ಕೊಳ್ಳುವ ಪೇಟೆಯ ದರದಲ್ಲಿ ಡಾಲರು ಕೊಳ್ಳಬಹುದು. ಬ್ಯಾಂಕು ತನ್ನ ಕೂಲಿಯನ್ನು ಬೇರೆಯಾಗಿ, ಮೊದಲೇ ತಿಳಿಸಿ ತೆಗೆದುಕೊಳ್ಳಬೇಕು. ಮುಳಬಾಗಿಲಿನಲ್ಲಿ ಇದನ್ನು ಕೇಳಿ ಬಲ್ಲವರನ್ನು ನಾನು ಇದುವರೆಗೆ ಇಬ್ಬರನ್ನು ಮಾತ್ರ ಕಂಡಿದ್ದೇನೆ. ಇಬ್ಬರೂ ಮಕ್ಕಳಿಗೆ ಎರಡನೆಯ ವರ್ಷದ ಶುಲ್ಕವನ್ನು ಕಟ್ಟುತ್ತಿದ್ದವರು.